ದಿಬ್ಬದ ಓಣಿಗೆ ಎಳೆದ ಎರಡನೆಯ ಪೈಪು

ಗ್ರಾಮೀಣ ಕುಡಿಯುವ ನೀರಿನ ಕೆಲಸಕ್ಕೆ ಈಗ ಸೇರುತ್ತಿರುವ ಎಂಜಿನಿಯರುಗಳಿಗೆ ಪೈಪಿನ ವ್ಯಾಸವನ್ನು ಲೆಕ್ಕ ಹಾಕುವುದು ಹೇಗೆಂದು ನಾನು ಕಲಿಸಬೇಕಾಗಿಲ್ಲ. ಅದನ್ನು ಕಂಪ್ಯೂಟರು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಆದರೆ ಇಂದು ಹೂತ ಪೈಪು ಸುಮಾರು ಮೂವತ್ತು ವರ್ಷ ನೆಲದೊಳಗೆ ಇರಬೇಕು. ಅಷ್ಟರಲ್ಲಿ ಅದರ ಮೇಲಿನ ಊರು, ಊರಿನ ಜನರ ರೂಢಿ, ದೂರದ ಹೊಳೆ, ಕರೆಂಟು ಬರುವ ಹೊತ್ತು, ಸರ್ಕಾರದ ಯೋಜನೆ ಎಲ್ಲವೂ ಬದಲಾಗಿರುತ್ತವೆ. ಏನು ಬದಲಾಗುತ್ತದೆ ಎಂದು ಮೊದಲೇ ತಿಳಿಯುವ ವಿದ್ಯೆ ಯಾರಲ್ಲಿಯೂ ಇಲ್ಲ. ತಿಳಿಯದಿದ್ದರೂ ತಾಳಿಕೊಳ್ಳುವಂತೆ ಕಟ್ಟುವುದನ್ನು ಮಾತ್ರ ಕಲಿಯಬಹುದು. ಅದನ್ನು ನನಗೆ ಕಲಿಸಿದವರನ್ನು ಪ್ರೀತಿಯಿಂದ ನೆನೆಯುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಭಾಷೆಯಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು.

ನನಗೆ ಹೆಚ್ಚಿನದನ್ನು ಕಲಿಸಿದ್ದು ಒಂದೇ ಊರು. ಅದರ ಹೆಸರನ್ನು ಬರೆಯುವುದಿಲ್ಲ. ಅಲ್ಲಿನವರು ದಿನಾ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಬಾಳುವವರು. ಹಗರಿಬೊಮ್ಮನಹಳ್ಳಿಯಿಂದ ತಂಬ್ರಹಳ್ಳಿಯ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ಎಂದರೆ ಸಾಕು. ಊರ ಬಾಗಿಲಾದ ಅಗಸಿಯ ಪಕ್ಕದಲ್ಲಿ ನೀರಿನ ಟ್ಯಾಂಕು, ಅಲ್ಲಿಂದ ಇಳಿಜಾರಿನಲ್ಲಿ ದೊಡ್ಡ ಓಣಿ, ಅದರ ಕೊನೆಯಲ್ಲಿ ಹಳ್ಳದ ತಗ್ಗು, ತಗ್ಗನ್ನು ದಾಟಿದರೆ ದಿಬ್ಬ. ದಿಬ್ಬದ ಮೇಲೆ ನಮ್ಮಂಥವರ ಓಣಿ.

ನಮ್ಮಂಥವರು ಎಂದರೆ ಯಾರು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು: ದಲಿತರು. ನನ್ನ ತಂದೆ ಕೊಟ್ಟೂರಿನ ರೈಲು ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ, ಅದರ ಕೆಳಗೆ ನನ್ನ ಪುಸ್ತಕಗಳ ಹಲಗೆ. ನಮ್ಮ ಬಂಧುಗಳಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಹೀಗಾಗಿ ಯಾವ ಊರಿಗೆ ಹೋದರೂ ಅಲ್ಲಿನ ಓಣಿಗಳು ಯಾವ ಕ್ರಮದಲ್ಲಿ ಇರುತ್ತವೆ ಎಂಬುದು ನಕ್ಷೆ ನೋಡದೆಯೇ ನನಗೆ ತಿಳಿಯುತ್ತಿತ್ತು. ಈ ಊರಿನ ಪೈಪೂ ಅದೇ ಕ್ರಮದಲ್ಲಿ ಹೋಗಿತ್ತು. ಅಗಸಿಯಲ್ಲಿ ಹೊರಟು, ದೊಡ್ಡ ಓಣಿಯ ಎಲ್ಲ ಮನೆಗಳಿಗೂ ಕೊಟ್ಟು, ಉಳಿದರೆ ದಿಬ್ಬಕ್ಕೆ. ದಿಬ್ಬಕ್ಕೆ ನೀರು ಹತ್ತುತ್ತದೆಯೇ ಎಂಬ ಪ್ರಶ್ನೆ ನೌಕರಿಯ ಮೊದಲ ವಾರದಲ್ಲಿ ನನ್ನೆದುರು ಬಂತು. ನಿವೃತ್ತಿಯಾಗುವವರೆಗೂ ನನ್ನನ್ನು ಬಿಡಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಹುಲಿಗೆಮ್ಮ. ಆಗ ಅವರಿಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ದಿಬ್ಬದ ಮೊದಲ ಮನೆ ಅವರದು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ತಗ್ಗನ್ನು ಹತ್ತಿ ಬರುತ್ತಿದ್ದವರು, ನಾನು ಕೈಯಲ್ಲಿ ಅಳತೆಯ ಪಟ್ಟಿ ಹಿಡಿದು ನಿಂತಿದ್ದನ್ನು ನೋಡಿ ಅಲ್ಲಿಯೇ ನಿಂತರು.

"ಇಂಜಿನೇರು ಬರ್ತಾರ ಅಂದ್ರ ಗಂಡಸು ಬರ್ತಾನ ಅಂದ್ಕಂಡಿದ್ವಿ. ನೀ ಬಂದೀಯಲ್ಲ ಯವ್ವಾ."

"ಹೌದಮ್ಮ. ನಿಮ್ಮ ನಲ್ಲಿಗೆ ನೀರು ಎಷ್ಟು ಹೊತ್ತು ಬರುತ್ತದೆ?"

"ನಲ್ಲಿ ಐತಿ. ನೋಡು, ಅಲ್ಲಿ. ಅದರ ಮ್ಯಾಲ ಕಾಗಿ ಕುಂದರತೈತಿ. ನೀರು ಬರೂದು ನನಗಂತೂ ಗೊತ್ತಿಲ್ಲ, ಕಾಗೀನ ಕೇಳು."

ನಾನು ತಬ್ಬಿಬ್ಬಾದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಅಗಸಿಯ ಟ್ಯಾಂಕು ದಿಬ್ಬಕ್ಕಿಂತ ಎತ್ತರದಲ್ಲಿತ್ತು, ನೀರು ಬರಲೇಬೇಕಾಗಿತ್ತು. ಕಾರಣವನ್ನು ದೊಡ್ಡ ಓಣಿಯಲ್ಲಿ ಕಂಡೆ. ಅಲ್ಲಿ ಒಂದು ಮನೆಯ ಮುಂದೆಯೂ ನೆಲದ ಮೇಲೆ ನಲ್ಲಿ ಇರಲಿಲ್ಲ. ಪ್ರತಿ ಮನೆಯವರೂ ನಲ್ಲಿಯನ್ನು ಕತ್ತರಿಸಿ, ಪೈಪು ಇರುವಲ್ಲಿಗೇ ಒಂದು ಗುಂಡಿ ತೋಡಿ, ಅದರೊಳಗೆ ಕೊಡ ಇಳಿಸಿ ತುಂಬಿಕೊಳ್ಳುತ್ತಿದ್ದರು. ತಗ್ಗಿನಲ್ಲಿದ್ದ ಬಾಯಿಗೆ ನೀರು ಮೊದಲು ಬರುತ್ತದೆ. ಒಬ್ಬರು ಮೊಣಕಾಲುದ್ದ ತೋಡಿದರೆ ಪಕ್ಕದವರು ತೊಡೆಯುದ್ದ ತೋಡುವರು. ಆಗ ಮೊದಲನೆಯವರು ಸೊಂಟದುದ್ದಕ್ಕೆ ಇಳಿಸುವರು. ನಮ್ಮ ಭಾಗದ ಹಳ್ಳಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ನಲ್ಲಿ ಗುಂಡಿ ಎಂಬುದು ಮನೆ ಕಟ್ಟುವಾಗ ಹೊಸ್ತಿಲಿನ ಜೊತೆಗೇ ಯೋಚಿಸುವ ಸಂಗತಿ. ಎಲ್ಲ ನೀರೂ ಗುಂಡಿಗಳಿಗೆ ಇಳಿದುಹೋದ ಮೇಲೆ ದಿಬ್ಬ ಹತ್ತಲು ಉಳಿಯುವುದು ಗಾಳಿ ಮಾತ್ರ.

ನಾನು ಪಂಚಾಯಿತಿಯವರಿಗೆ ಹೇಳಿ ಗುಂಡಿಗಳನ್ನು ಮುಚ್ಚಿಸಿದೆ. ಮುಂದಿನ ವಾರ ಹೋದಾಗ ಎಲ್ಲವೂ ತೆರೆದಿದ್ದವು, ಕೆಲವು ಇನ್ನೂ ಆಳವಾಗಿದ್ದವು. ಹುಲಿಗೆಮ್ಮ ನಕ್ಕರು. "ಇನ್ನೊಂದೆರಡು ಸಲ ಮುಚ್ಚಿಸು ತಂಗಿ. ಅವ್ರು ಹಿಂಗ ಇಳಕೋಂತ ಹೋದ್ರ ಪಾತಾಳದ ನೀರೇ ಸಿಗತೈತಿ. ನಿಮ್ಮ ಪೈಪೇ ಬ್ಯಾಡ ಆಗತೈತಿ."

ನಮ್ಮ ಉಪವಿಭಾಗದ ಮುಖ್ಯಸ್ಥರು ಆಗ ಕೊಟ್ರಬಸಪ್ಪ ಸಾಹೇಬರು. ಹರಪನಹಳ್ಳಿಯವರು. ಕೈಕೆಳಗಿನವರನ್ನು ಬೈದದ್ದನ್ನು ನಾನು ಕೇಳಿಲ್ಲ. ಅವರ ಶಿಕ್ಷೆ ಬೇರೆ ಬಗೆಯದು. ಹೂಳಲು ತಂದಿಟ್ಟ ಪೈಪಿನ ಮೇಲೆ ಕುಳಿತು, ಕಾಗದದ ಪೊಟ್ಟಣದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ, ನಮಗೂ ಕೊಟ್ಟು, ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಳ್ಳುವರು. ಆಮೇಲೆ ಪ್ರಶ್ನೆಗಳು ಶುರುವಾಗುತ್ತಿದ್ದವು.

"ಕರೆಂಟು ಹೋತು ಅಂತ ತಿಳ್ಕೊ. ಆಮ್ಯಾಲೆ?"

"ಟ್ಯಾಂಕಿನಲ್ಲಿ ಒಂದು ದಿನದ ನೀರು ಇರುತ್ತದೆ ಸರ್."

"ಅದೂ ಮುಗೀತು. ಆಮ್ಯಾಲೆ?"

"ಡೀಸೆಲ್ ಜನರೇಟರ್ ಇದೆ ಸರ್."

"ಅದನ್ನ ನಡೆಸೋನು ತನ್ನ ಷಡ್ಡಕನ ಮದುವಿಗೆ ಹೋಗ್ಯಾನೆ. ಆಮ್ಯಾಲೆ?"

ನಾವು ಮಂಡಕ್ಕಿ ಅಗಿಯುತ್ತ ಕುಳಿತರೆ ಅವರಿಗೆ ಸಂತೋಷ. "ಇಲ್ಲಿಗೆ ನಿಂತಿತಲ್ಲ, ನಿನ್ನ ಯೋಜನೆ ಮುರಿಯೋದೂ ಇಲ್ಲೇ. ಹೋಗು, ಇಲ್ಲೊಂದು ಎರಡನೇ ದಾರಿ ಇಟ್ಕೊಂಡು ಬಾ" ಎನ್ನುವರು.

ಗುಂಡಿಗಳ ವಿಷಯವನ್ನು ಅವರ ಮುಂದಿಟ್ಟು, ಜನ ನಿಯಮ ಪಾಲಿಸುವುದಿಲ್ಲವೆಂದು ದೂರಿದೆ. ಅವರು ಮಂಡಕ್ಕಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. "ಅಲ್ಲಮ್ಮಾ, ಹಳ್ಳಿ ಮಂದಿ ಬದಲಾಗ್ಲಿ, ಆಮ್ಯಾಲೆ ನನ್ನ ಪೈಪು ನಡೀತದೆ ಅಂತೀಯಲ್ಲ. ಗುಂಡಿ ತೋಡಿದ್ರೂ ದಿಬ್ಬಕ್ಕೆ ನೀರು ಹತ್ತೋ ಹಂಗೆ ಮಾಡೋಕೆ ಆಗ್ತದೇನು, ಅದನ್ನ ಯೋಚ್ನೆ ಮಾಡು." ಆಗ ನನ್ನಿಂದ ಆಗಲಿಲ್ಲ. ಹಣವೂ ಇರಲಿಲ್ಲ, ಅಷ್ಟು ಬುದ್ಧಿಯೂ ಇರಲಿಲ್ಲ. ಸದ್ಯಕ್ಕೆ ದಿಬ್ಬದ ಮೇಲೆ ಒಂದು ಬೋರ್‌ವೆಲ್ ಕೊರೆಸಿ, ಅದಕ್ಕೊಂದು ಕೈಪಂಪು ಹಾಕಿಸಿದೆ. ನೀರು ಸಣ್ಣಗೆ ಬಂತು, ಆದರೆ ಪರೀಕ್ಷೆಯಲ್ಲಿ ಒಳ್ಳೆಯ ನೀರೆಂದು ಬಂತು. ಹುಲಿಗೆಮ್ಮ ತಗ್ಗು ಇಳಿಯುವುದು ತಪ್ಪಿತು. ಹಿಡಿ ಒತ್ತುವುದು ಉಳಿಯಿತು.

ನೌಕರಿಯ ನಡುವಿನ ವರ್ಷಗಳನ್ನು ನದಿಯ ಹತ್ತಿರ ಕಳೆದೆ. ಹಂಪಸಾಗರದ ಕಡೆ ತುಂಗಭದ್ರೆಯ ಹಿನ್ನೀರನ್ನು ನೋಡಿದವರಿಗೆ ಗೊತ್ತು: ಮಳೆಗಾಲದಲ್ಲಿ ಸಮುದ್ರದಂತಿರುತ್ತದೆ, ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಹೋಗಬೇಕು. ನಾವು ನೀರೆತ್ತುವ ಬಾವಿಯನ್ನು ಎಲ್ಲಿ ಕಟ್ಟಬೇಕೆಂದು ಚರ್ಚೆ ನಡೆಯಿತು. ಹೊಳೆ ಹಿಂದಿನ ಬೇಸಿಗೆಯಲ್ಲಿ ಎಲ್ಲಿ ಹರಿದಿತ್ತೋ ಅಲ್ಲಿ ಎಂದು ಎಲ್ಲರೂ ಹೇಳಿದರು. ಕೊಟ್ರಬಸಪ್ಪ ಸಾಹೇಬರು ಮಾತ್ರ, "ಹೊಳೆ ಅಲ್ಲೇ ಇರ್ತೀನಿ ಅಂತ ನಿಮಗೆ ಬರ್ಕೊಟ್ಟದೇನ್ರಯ್ಯಾ?" ಎಂದರು. ಕೊನೆಗೆ ಬಾವಿಯ ಗೋಡೆಯಲ್ಲಿ ಬೇರೆ ಬೇರೆ ಎತ್ತರಕ್ಕೆ ಕಿಂಡಿಗಳನ್ನು ಇಟ್ಟೆವು. ಹೊಳೆ ಹಿಂದಿನಿಂದ ಬಂದರೂ ಇರಲೆಂದು ಎದುರು ದಿಕ್ಕಿಗೂ ಒಂದು ಕಿಂಡಿ ಇಟ್ಟೆವು. ಹೂಳು ತುಂಬಿ ಕೆಳಗಿನ ಕಿಂಡಿ ಮುಚ್ಚಿಹೋದಾಗ ಮೇಲಿನದು ನಮ್ಮನ್ನು ಉಳಿಸಿತು. ಎದುರು ದಿಕ್ಕಿನ ಕಿಂಡಿಗೆ ಮಾತ್ರ ಇಂದಿನವರೆಗೂ ನೀರು ಬಂದಿಲ್ಲ. ಅದರಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ಮುಂದಿನದಕ್ಕೆಂದು ನೀವು ಮಾಡುವ ಏರ್ಪಾಡುಗಳಲ್ಲಿ ಎಷ್ಟೋ ವ್ಯರ್ಥವಾಗುತ್ತವೆ, ಲೆಕ್ಕ ತಪಾಸಣೆಯವರು ಕೇಳುತ್ತಾರೆ, ಉತ್ತರ ಹೇಳಬೇಕಾಗುತ್ತದೆ. ನಾನೂ ಹೇಳಿದ್ದೇನೆ. ಅದಕ್ಕೆ ಹೆದರಿ ಮುಂದಿನ ಬಾವಿಯಲ್ಲಿ ಕಿಂಡಿ ಇಡುವುದನ್ನು ಬಿಡಬಾರದು.

ಮೋಟಾರುಗಳ ಪಾಠವನ್ನು ಮೌಲಾಸಾಬರಿಂದ ಕಲಿತೆ, ಅಥವಾ ಅವರೊಡನೆ ಜಗಳವಾಡಿ ಕಲಿತೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಅವರ ಅಂಗಡಿ ಇತ್ತು. ಸುತ್ತಿನ ಊರುಗಳ ಪಂಪುಗಳೆಲ್ಲ ಅವರ ಕೈಯಲ್ಲಿಯೇ ರಿಪೇರಿಯಾಗುತ್ತಿದ್ದವು. ಒಂದೊಂದು ಊರಿಗೆ ಒಂದೊಂದು ಕಂಪನಿಯ ಮೋಟಾರು. ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಮೌಲಾಸಾಬರು ಸೈಕಲ್ ಟ್ಯೂಬಿನ ತುಂಡಿನಿಂದ ಹಿಡಿದು ಚಪ್ಪಲಿಯ ಅಟ್ಟೆಯವರೆಗೆ ಏನನ್ನಾದರೂ ತುರುಕಿ ನಡೆಸುವರು, ಅದು ವಾರ ನಡೆದು ನಿಲ್ಲುವುದು.

"ಎಲ್ಲ ಊರಿಗೂ ಒಂದೇ ಬಗೆಯ ಮೋಟಾರು ಹಾಕಿಸುತ್ತೇನೆ. ಒಂದು ಕೆಟ್ಟರೆ ಪಕ್ಕದ ಊರಿನ ಹೆಚ್ಚುವರಿ ಮೋಟಾರನ್ನು ತಂದು ಕೂರಿಸಬಹುದು" ಎಂದೆ.

"ಹಾಂ, ಮೇಡಂ, ಎಲ್ಲಾ ಒಂದ ನಮೂನಿ ಮಾಡ್ರಿ. ನನ್ನ ಅಂಗಡಿಗೆ ಬೀಗ ಹಾಕ್ತೀನಿ. ಇಷ್ಟು ದಿನದ ನನ್ನ ಹುನರು, ನನ್ನ ಕೈಚಳಕ, ಎಲ್ಲಿ ಹೋಗಬೇಕ್ರಿ?"

"ನಿಮ್ಮ ಚಪ್ಪಲಿಯಾದರೂ ಉಳಿಯುತ್ತದಲ್ಲ ಮೌಲಾಸಾಬ್."

ಅವರು ನಕ್ಕು ಚಹಾ ತರಿಸಿದರು. ಅಂಗಡಿಗೆ ಬೀಗ ಬೀಳಲಿಲ್ಲ. ಮೋಟಾರುಗಳು ಒಂದೇ ಬಗೆಯವಾದ ಮೇಲೆ ಬಿಡಿಭಾಗಗಳನ್ನು ಅವರೇ ತರಿಸಿಟ್ಟುಕೊಂಡು ಮಾರಿದರು. ಆದರೂ ಸಾಯುವತನಕ ನನ್ನನ್ನು ಕಂಡಾಗಲೆಲ್ಲ, "ನನ್ನ ಹುನರು ತಿಂದಾಕಿ ಬಂದ್ಲು, ಚಾ ತರ್ರಿ" ಎಂದೇ ಸ್ವಾಗತಿಸುತ್ತಿದ್ದರು. ಅವರ ಸಲಹೆಗಳೆಲ್ಲ ಸರಿ ಇರುತ್ತಿದ್ದವು ಎಂದಲ್ಲ. ಅದರ ಮಾತು ಮುಂದೆ ಬರುತ್ತದೆ.

ಹರಪನಹಳ್ಳಿಯ ಕಡೆ ಕೆಲಸ ಮಾಡಿದಾಗ ಕಲಿತದ್ದು ತಮಾಷೆಯಾಗಿದೆ. ಪೈಪು ಹೋದ ದಾರಿಯುದ್ದಕ್ಕೂ ನಿಲ್ಲಿಸಿದ ಕಲ್ಲುಗಳ ಮೇಲೆ ಜಿಲ್ಲೆ, ತಾಲೂಕು, ಯೋಜನೆಯ ಹೆಸರು ಬರೆಸುವುದು ಪದ್ಧತಿ. ಆ ತಾಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಆಮೇಲೆ ವಿಜಯನಗರಕ್ಕೆ ಸೇರಿತು. ಪ್ರತಿ ಸಲವೂ ಕಲ್ಲುಗಳಿಗೆ ಬಣ್ಣ ಬಳಿದು ಹೊಸ ಹೆಸರು ಬರೆಸಿದೆವು. ಕೊನೆಯ ಸಲ ಬಣ್ಣದವನು ಕುಂಚ ಅದ್ದುವ ಮೊದಲು ಬಹಳ ವಿನಯದಿಂದ ಕೇಳಿದ: "ಮೇಡಮ್ಮೋರೆ, ಜಿಲ್ಲಾ ಹೆಸರು ಸೀಮೆಸುಣ್ಣದಾಗ ಬರೀಲೇನ್ರಿ?" ಅಂದಿನಿಂದ ಬೇರೆಯವರು ಬದಲಾಯಿಸಬಹುದಾದ ಯಾವುದನ್ನೂ ನಾನು ಕಲ್ಲಿನ ಮೇಲೆ ಬರೆಸಿಲ್ಲ. ಪೈಪಿನ ಅಗಲ, ಆಳ, ನೀರು ಹರಿಯುವ ದಿಕ್ಕಿಗೆ ಒಂದು ಬಾಣ, ಅಷ್ಟೇ. ಆ ಬಾಣದ ವಿಷಯದಲ್ಲಿಯೂ ಎಚ್ಚರವಿರಬೇಕೆಂದು ನನಗೆ ಆಗ ಹೊಳೆದಿರಲಿಲ್ಲ.

ನಿವೃತ್ತಿಗೆ ಕೆಲವು ವರ್ಷ ಇರುವಾಗ ಮನೆಮನೆಗೆ ನಲ್ಲಿ ಕೊಡುವ ಕೆಲಸ ನಮ್ಮ ತಾಲೂಕುಗಳಿಗೆ ಬಂತು. ನನ್ನ ಮೊದಲ ಊರು ಮತ್ತೆ ನನ್ನ ಮೇಜಿಗೆ ಬಂತು. ಹೊರಗಿನ ಸಲಹೆಗಾರರು ತಯಾರಿಸಿದ ನಕ್ಷೆ ಅಂದವಾಗಿತ್ತು. ಅಗಸಿಯಲ್ಲಿ ಹೊಸ ದೊಡ್ಡ ಟ್ಯಾಂಕು; ಅಲ್ಲಿಂದ ಒಂದೇ ಪೈಪು ದೊಡ್ಡ ಓಣಿಯ ಮೂಲಕ ದಿಬ್ಬಕ್ಕೆ; ದಿಬ್ಬದ ಹಳೆಯ ಬೋರ್‌ವೆಲ್ ರದ್ದು. ನಕ್ಷೆಯಲ್ಲಿ ದೊಡ್ಡ ಓಣಿಯ ನಲ್ಲಿಗಳೆಲ್ಲ ನೆಲದ ಮೇಲೆ ನೆಟ್ಟಗೆ ನಿಂತಿದ್ದವು.

ನಾನು ಊರಿಗೆ ಹೋದೆ. ಗುಂಡಿಗಳು ಇದ್ದವು, ಈಗ ಅವುಗಳಿಗೆ ಸಿಮೆಂಟು ಮಾಡಿ ಮೆಟ್ಟಿಲು ಕಟ್ಟಿಕೊಂಡಿದ್ದರು. ಹುಲಿಗೆಮ್ಮನವರ ಮೊಣಕಾಲು ಸೋತಿತ್ತು. ಕೈಪಂಪಿನ ಹಿಡಿ ಒತ್ತಲು ಆಗದೆ ಪಕ್ಕದವರ ದಾರಿ ನೋಡುತ್ತಿದ್ದರು.

"ಈ ಸಲ ಮನೆ ಒಳಗೇ ನಲ್ಲಿ ಬರುತ್ತದೆ ಅಕ್ಕ" ಎಂದೆ.

"ಬರ್ಲಿ. ಕಾಗಿಗೂ ವಯಸ್ಸಾಗೈತಿ, ಮನಿ ಒಳಗ ಬಂದು ಕುಂದರತೈತಿ."

ಕೊಟ್ರಬಸಪ್ಪ ಸಾಹೇಬರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗುಂಡಿಗಳಿದ್ದೂ ದಿಬ್ಬಕ್ಕೆ ನೀರು ಹತ್ತಿಸುವ, ಅವರು ನನಗೆ ಕೊಟ್ಟಿದ್ದ ಲೆಕ್ಕವನ್ನು ಈಗ ಬಿಡಿಸಬೇಕಾಗಿತ್ತು. ನಾನು ನಕ್ಷೆಯನ್ನು ತಿದ್ದಿದೆ. ಹೊಳೆಯಿಂದ ಬರುವ ಮುಖ್ಯ ಪೈಪಿನಿಂದಲೇ ಒಂದು ಕವಲು ತೆಗೆದು, ದೊಡ್ಡ ಓಣಿಯನ್ನು ಮುಟ್ಟದೆ, ಹಳ್ಳದ ಆಚೆಯಿಂದ ದಿಬ್ಬಕ್ಕೆ ಎರಡನೆಯ ಪೈಪು ಎಳೆಯುವುದು. ದಿಬ್ಬದ ಮೇಲೆ ಒಂದು ಸಣ್ಣ ಟ್ಯಾಂಕು. ಹಳೆಯ ಬೋರ್‌ವೆಲ್‌ಗೆ ಮೋಟಾರು ಇಳಿಸಿ ಅದನ್ನೂ ಆ ಟ್ಯಾಂಕಿಗೆ ಜೋಡಿಸುವುದು. ಆಗಿನ್ನೂ ಬದುಕಿದ್ದ ಮೌಲಾಸಾಬರು ಬಂದು ನೋಡಿ, "ಹೊಳಿ ನೀರು ಮನಿಗೆ ಬರ್ತೈತಿ. ಈ ಹಳೇ ಬೋರು ಯಾಕ್ರಿ ಮೇಡಂ? ಪೈಪು ಕಿತ್ತು ಮಾರಿಬಿಡ್ರಿ" ಎಂದರು. ನಾನು ಕೇಳಲಿಲ್ಲ.

ಹೀಗೆ ಎಲ್ಲವನ್ನೂ ಯೋಚಿಸಿದ್ದೇನೆಂದು ತಿಳಿದು ಊರಿನ ಸಭೆಗೆ ಹೋದೆ. ಪಂಚಾಯಿತಿ ಅಧ್ಯಕ್ಷರಾದ ಸಿದ್ದನಗೌಡರು ನಕ್ಷೆ ನೋಡಿ ಹೇಳಿದರು: "ಒಂದ ಊರಿಗೆ ಎರಡು ಟ್ಯಾಂಕ್ ಯಾಕ್ರಿ ಮೇಡಂ? ಜಾತಿಗೊಂದು ಟ್ಯಾಂಕ್ ಕಟ್ಟಿದಂಗಾತು. ನಾಳಿ ಪೇಪರಿನ್ಯಾಗ ನಮ್ಮ ಊರಿನ ಹೆಸರು ಬರ್ತೈತಿ."

ಅವರ ಮಾತಿಗೆ ಉತ್ತರವನ್ನು ಸಿದ್ಧಮಾಡಿಕೊಂಡಿದ್ದೆ. ಆದರೆ ಹಿಂದಿನ ಸಾಲಿನಿಂದ ಹುಲಿಗೆಮ್ಮ ಎದ್ದು ನಿಲ್ಲುತ್ತಾರೆಂದು ತಿಳಿದಿರಲಿಲ್ಲ.

"ಗೌಡ್ರು ಹೇಳೂದು ನನಗೂ ಖರೆ ಅನಸ್ತೈತಿ. ಅವ್ರ ನೀರು ಬ್ಯಾರೆ, ನಮ್ಮ ನೀರು ಬ್ಯಾರೆ ಅಂತ ಇಷ್ಟು ದಿನ ಬಾಯಾಗ ಅಂತಿದ್ರು. ಈಗ ನೆಲದಾಗ ಪೈಪು ಹೂತು ಅಂತೀಯೇನು ತಂಗಿ? ಅದೂ ನೀನು? ನಮ್ಮ ಮನಿ ಮಗಳು?"

ನಾನು ನಕ್ಷೆಯನ್ನು ಮತ್ತೊಮ್ಮೆ ನೋಡಿದೆ. ಓಣಿಗೆ ನೀರು ಬರಬೇಕು ಎಂಬ ಒಂದೇ ದಿಕ್ಕಿನಲ್ಲಿ ಯೋಚಿಸಿ, ಓಣಿಯನ್ನು ಊರಿನಿಂದ ಕತ್ತರಿಸಿಡುವ ಗೆರೆಯನ್ನು ನಾನು ನನ್ನ ಕೈಯಾರೆ ಎಳೆದಿದ್ದೆ. ಸಾಹೇಬರು ಬದುಕಿದ್ದರೆ ಇಲ್ಲಿಯೇ "ಆಮ್ಯಾಲೆ?" ಎನ್ನುತ್ತಿದ್ದರು.

ಅಲ್ಲಿಯೇ ಕುಳಿತು, ದೊಡ್ಡ ಓಣಿಯ ಕೊನೆಯ ಮನೆಯಿಂದ ದಿಬ್ಬದ ಮೊದಲ ಮನೆಗೆ, ಹಳ್ಳದ ತಗ್ಗಿನ ಮೇಲೆ ಒಂದು ಪೈಪಿನ ಗೆರೆ ಎಳೆದೆ. ನಡುವೆ ಒಂದು ವಾಲ್ವ್. "ಇದನ್ನು ತೆರೆದರೆ ಎರಡೂ ಓಣಿ ಒಂದೇ. ನೀರು ಆ ಕಡೆಯಿಂದ ಈ ಕಡೆಗೂ ಬರಬಹುದು, ಈ ಕಡೆಯಿಂದ ಆ ಕಡೆಗೂ ಹೋಗಬಹುದು. ಗುಂಡಿಗಳು ಇರುವತನಕ ಮುಚ್ಚಿರುತ್ತೇವೆ. ಊರಿಗೆ ಬೇಕೆನಿಸಿದ ದಿನ ತೆರೆಯಬಹುದು" ಎಂದೆ.

ಗೌಡರು ನಕ್ಕರು. "ಈ ಕಡೆಯಿಂದ ಆ ಕಡೆಗೆ ಯಾಕ ಹೋಗಬೇಕ್ರಿ? ದೊಡ್ಡ ಟ್ಯಾಂಕ್ ನಮ್ಮ ಕಡೆ ಐತಿ."

ಹುಲಿಗೆಮ್ಮ ಕೇಳಿದ್ದು ಒಂದೇ ಮಾತು. "ವಾಲ್ವಿನ ಚಾವಿ ಯಾರ ಕಡೆ ಇರತೈತಿ?"

ವಾಲ್ವಿನ ಗುಂಡಿಯನ್ನು ಹಳ್ಳದ ಈಚೆ ತೋಡಿದರೆ ನೆರೆ ಬಂದಾಗ ಮುಳುಗುತ್ತದೆ, ಆಚೆಯ ದಿಬ್ಬದ ಬುಡ ಎತ್ತರದ ಜಾಗ. ಅದು ಹುಲಿಗೆಮ್ಮನವರ ಬಾಗಿಲ ಎದುರಿಗೆ ಬರುತ್ತದೆ, ಚಾವಿ ಅವರ ಮನೆಯಲ್ಲಿಯೇ ಇರಲಿ ಎಂದೆ. ತಾಂತ್ರಿಕವಾಗಿ ಅದು ಸರಿಯಾದ ಕಾರಣವೇ. ಅವರು ಕುಳಿತರು. ನಕ್ಷೆ ಒಪ್ಪಿಗೆಯಾಯಿತು. ಮೇಲಧಿಕಾರಿಗಳು ಜೋಡಿಸುವ ಪೈಪು ಅನಗತ್ಯವೆಂದು ಹೊಡೆದುಹಾಕಲು ಹೋದಾಗ, ಕೊಟ್ರಬಸಪ್ಪ ಸಾಹೇಬರ ಪ್ರಶ್ನೆಯನ್ನೇ ಗೌರವಪೂರ್ವಕವಾಗಿ ಮತ್ತೆ ಮತ್ತೆ ಕೇಳಿ ಅದನ್ನು ಉಳಿಸಿಕೊಂಡೆ.

ಹುಲಿಗೆಮ್ಮನವರ ಮನೆಯ ಒಳಗಿನ ನಲ್ಲಿಗೆ ನೀರು ಬಂದ ದಿನ ಅವರು ಮೊದಲು ಕೈ ಒಡ್ಡಿ ನಿಂತರು. ಆಮೇಲೆ ನನ್ನ ಮೇಲೆ ಒಂದು ಬೊಗಸೆ ನೀರು ಎರಚಿದರು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಇಲಾಖೆಯಲ್ಲಿ ಸಿಕ್ಕಿಲ್ಲ. ದೊಡ್ಡ ಓಣಿಯವರು ಹೊಸ ನಲ್ಲಿಗಳನ್ನು ಕತ್ತರಿಸಿ ತಮ್ಮ ಗುಂಡಿಗಳಿಗೆ ಇಳಿಸಿಕೊಂಡರು. ವಾಲ್ವ್ ಮುಚ್ಚಿಯೇ ಇತ್ತು. ನಾನು ನಿವೃತ್ತಳಾಗಿ ಕೊಟ್ಟೂರಿಗೆ ಬಂದೆ.

ಮರುವರ್ಷದ ಬೇಸಿಗೆಯಲ್ಲಿ, ನನ್ನ ಜಾಗಕ್ಕೆ ಬಂದಿದ್ದ ಹೊಳಲಿನ ಮಂಜುನಾಥ ಎಂಬ ತರುಣ ಎಂಜಿನಿಯರು ಫೋನು ಮಾಡಿದರು. ರಸ್ತೆ ಅಗಲ ಮಾಡುವ ಯಂತ್ರವೊಂದು ಹೊಳೆಯ ಮುಖ್ಯ ಪೈಪನ್ನು ಒಡೆದಿತ್ತು. ಹೊಳೆ ಸರಿಯುವುದನ್ನು, ಹೂಳನ್ನು, ಕರೆಂಟನ್ನು, ಮದುವೆಗೆ ಹೋಗುವ ಆಪರೇಟರನ್ನು ಕೂಡ ನಾವು ಯೋಚಿಸಿದ್ದೆವು. ರಸ್ತೆ ಅಗಲವಾಗುವುದನ್ನು ಯಾರೂ ಯೋಚಿಸಿರಲಿಲ್ಲ. ಬದಲಿ ಪೈಪು ದೂರದಿಂದ ಬರಬೇಕಾಗಿತ್ತು. ಅಗಸಿಯ ಟ್ಯಾಂಕು ಖಾಲಿ. ದಿಬ್ಬದ ಟ್ಯಾಂಕಿಗೆ ಮಾತ್ರ ಹಳೆಯ ಬೋರ್‌ವೆಲ್ ನೀರು ಎತ್ತುತ್ತಿತ್ತು. "ವಾಲ್ವ್ ತೆರೆಯೋಣ ಎಂದರೆ ಹುಲಿಗೆಮ್ಮನವರು ಚಾವಿ ಕೊಡುತ್ತಿಲ್ಲ. ನೀವು ಒಂದು ಮಾತು ಹೇಳಬೇಕು ಮೇಡಂ" ಎಂದರು.

ನಾನು ಬಸ್ಸು ಹಿಡಿದು ಹೋದೆ. ಯಾವ ಅಧಿಕಾರವೂ ಇಲ್ಲದೆ ಆ ಊರಿಗೆ ಹೋದದ್ದು ಅದೇ ಮೊದಲು. ದಿಬ್ಬದ ಬುಡದಲ್ಲಿ ದೊಡ್ಡ ಓಣಿಯ ಹೆಂಗಸರು, ಗಂಡಸರು ಖಾಲಿ ಕೊಡಗಳೊಂದಿಗೆ ನಿಂತಿದ್ದರು. ಹುಲಿಗೆಮ್ಮ ವಾಲ್ವಿನ ಮುಚ್ಚಳದ ಮೇಲೆ, ಕಬ್ಬಿಣದ ಉದ್ದನೆಯ ಚಾವಿಯನ್ನು ತೊಡೆಗೆ ಆನಿಸಿಕೊಂಡು ಕುಳಿತಿದ್ದರು.

"ಹುಲಿಗೆಮ್ಮಾ, ವಾಲ್ವ್ ತೆಗಿ. ಹುಡುಗ್ರು ಮಕ್ಕಳು ಬಾಯಾರ್ಯಾವ" ಎಂದರು ಸಿದ್ದನಗೌಡರು.

"ತೆಗಿತೀನ್ರಿ ಗೌಡ್ರ. ನೀರು ಇಲ್ಲ ಅನ್ನಾಕಿ ನಾ ಅಲ್ಲ. ಕುಡಿಯಾಕ ಬೇಕಾದವ್ರು ಈಗ ಬಂದು ನಮ್ಮ ನಲ್ಲಿಗೆ ಕೊಡ ಹಿಡೀರಿ. ಆದ್ರ ವಾಲ್ವ್ ತೆಗದ್ರ? ನಮ್ಮ ಟ್ಯಾಂಕ್ ಇಷ್ಟೈತಿ. ನಿಮ್ಮ ಓಣ್ಯಾಗ ಮನಿಗೊಂದು ಗುಂಡಿ. ಮೊದಲಿನ ನಾಕು ಗುಂಡಿ ತುಂಬೂದ್ರಾಗ ಖಾಲಿ. ಆಮ್ಯಾಲ ನಿಮಗೂ ಇಲ್ಲ, ನಮಗೂ ಇಲ್ಲ."

"ಹಂಗಾರ ಏನ್ ಮಾಡಬೇಕಂತಿ?"

"ಗುಂಡಿ ಮುಚ್ರಿ. ನಲ್ಲಿ ಎಬ್ಬಿಸಿ ನೆಲದ ಮ್ಯಾಲ ನಿಲ್ಲಸ್ರಿ. ಕಡೀ ಗುಂಡಿ ಮುಚ್ಚಿದ ಮ್ಯಾಲ ಚಾವಿ ತಿರುವ್ತೀನಿ."

ಗುಂಪಿನಲ್ಲಿ ಒಬ್ಬರು, "ನೋಡ್ರಪಾ, ಹುಲಿಗೆಮ್ಮ ಇಂಜಿನೇರ್ ಆಗ್ಯಾಳ!" ಎಂದರು.

"ಇಷ್ಟು ವರ್ಷ ಇಂಜಿನೇರ ಜೋಡಿ ಜಗಳಾಡೀನಿ. ಅಷ್ಟೂ ಬರಂಗಿಲ್ಲೇನು?"

ಮಂಜುನಾಥ ನನ್ನ ಕಡೆ ನೋಡಿದರು. ಹುಲಿಗೆಮ್ಮನವರು ಹೇಳಿದ ಲೆಕ್ಕ ಸರಿಯಾಗಿದೆ ಎಂದಷ್ಟೇ ನಾನು ಹೇಳಿದೆ. ಗಂಡಸರು ಗೊಣಗಿದರು. ದಿಬ್ಬದವರ ನೀರನ್ನು ತಮ್ಮ ಓಣಿಯ ಪೈಪಿಗೆ ಬಿಡಿಸಿಕೊಳ್ಳಬಹುದೇ ಎಂದು ಒಬ್ಬಿಬ್ಬರು ತಗ್ಗಿದ ದನಿಯಲ್ಲಿ ಜಾತಿಯ ಮಾತು ಆಡಿಕೊಂಡರು. ಅದು ಹುಲಿಗೆಮ್ಮನವರಿಗೂ ಕೇಳಿಸಿತು; ಅವರು ಚಾವಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

ಆಗ ಮಾತಾಡಿದವರು ಗೌಡರ ತಾಯಿ. ಬೆನ್ನು ಬಾಗಿದ ಹಿರಿಯರು. "ಎಲ್ಲಿಂದ ಬಂದಿ ಅಂತ ನೀರಿಗೆ ಕೇಳ್ತಾರೇನಲೇ? ಸಿದ್ದಾ, ಮೊದ್ಲು ನಮ್ಮ ಮನಿ ಗುಂಡಿ ಮುಚ್ಚು. ಆ ಗುಂಡ್ಯಾಗ ಬಗ್ಗಿ ಬಗ್ಗಿ ಕೊಡ ಎತ್ತಿದ್ದು ನೀವಲ್ಲ, ನಾವು. ನನ್ನ ನಡಾ ಹೋದದ್ದು ಹೆಂಗ ಅಂದ್ಕಂಡಿ?"

ಇಷ್ಟು ವರ್ಷಗಳಲ್ಲಿ ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ದೊಡ್ಡ ಓಣಿಯ ಹೆಂಗಸರೇ ಬುಟ್ಟಿ, ಸಲಿಕೆ ಹಿಡಿದು ಮೊದಲು ಹೊರಟರು. ನಾನು ಆದೇಶಗಳಿಂದ ಒಂದು ವಾರ ಮುಚ್ಚಿಡಲಾರದ ಗುಂಡಿಗಳು ಆ ಮಧ್ಯಾಹ್ನ ಒಂದೊಂದಾಗಿ ಮಣ್ಣು, ಕಲ್ಲು, ಒಡೆದ ಹೆಂಚು ತುಂಬಿಕೊಂಡು ನೆಲವಾದವು. ಮಂಜುನಾಥ ನಲ್ಲಿಗಳನ್ನು ಎತ್ತರಿಸಲು ಪ್ಲಂಬರುಗಳನ್ನು ಕರೆಸಿದರು. ಸಂಜೆಗೆ ಹುಲಿಗೆಮ್ಮ ದೊಡ್ಡ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕುಂಟುತ್ತ ನಡೆದು ನೋಡಿ ಬಂದರು. ಮೊಣಕಾಲು ಊರಲಾಗದೆ, ಚಾವಿ ತಿರುವಲು ನನ್ನ ಕೈಯನ್ನೂ ಹಿಡಿಸಿಕೊಂಡರು. ನೀರು ದಿಬ್ಬದಿಂದ ಇಳಿದು ದೊಡ್ಡ ಓಣಿಗೆ ಹೋಯಿತು. ನಾನು ಕಲ್ಲಿನ ಮೇಲೆ ಬರೆಸಿದ್ದ ಬಾಣ ದೊಡ್ಡ ಓಣಿಯಿಂದ ದಿಬ್ಬದ ಕಡೆಗೆ ತೋರಿಸುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಹೊಳೆಯ ಪೈಪು ರಿಪೇರಿಯಾದ ಮೇಲೆ ನಾನು ಇನ್ನೊಮ್ಮೆ ಹೋಗಿದ್ದೆ. ಮಂಜುನಾಥ ಕ್ರಮಬದ್ಧ ಮನುಷ್ಯ. ನಕ್ಷೆಯಂತೆ ಆ ವಾಲ್ವನ್ನು ಮತ್ತೆ ಮುಚ್ಚಬೇಕಲ್ಲವೇ ಎಂದು ಕೇಳಿದರು. ನಾನು ಹುಲಿಗೆಮ್ಮನವರ ಕಡೆ ನೋಡಿದೆ.

"ಗುಂಡಿ ಮತ್ತ ತೋಡ್ಯಾರೇನು ನೋಡಿದ್ರೇನ್ರಿ ಸರ?" ಎಂದು ಅವರು ಮಂಜುನಾಥರನ್ನು ಕೇಳಿದರು.

"ಇಲ್ಲಮ್ಮ. ಗೌಡರ ತಾಯಿ ದಿನಾ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ."

"ಹಂಗಾರ ತೆಗದೇ ಇರ್ಲಿ ಬಿಡ್ರಿ. ಗುಂಡಿ ಕಂಡ ದಿನ ಮುಚ್ತೀನಿ."

ಅದು ಇನ್ನೂ ತೆರೆದಿದೆ. ಎರಡು ಟ್ಯಾಂಕುಗಳ ನೀರೂ ಆ ಪೈಪುಗಳಲ್ಲಿ ಕೂಡಿ ಹರಿಯುತ್ತದೆ. ಯಾವ ಕೊಡದಲ್ಲಿ ಅಗಸಿಯ ನೀರು, ಯಾವ ಕೊಡದಲ್ಲಿ ದಿಬ್ಬದ ನೀರು ಎಂದು ಕೇಳಿದರೆ ಆ ಊರಿನಲ್ಲಿ ಯಾರೂ ಹೇಳಲಾರರು. ನಕ್ಷೆ ಬರೆದ ನಾನೂ ಹೇಳಲಾರೆ.